ದ್ಯಾವಮ್ಮನ ಮನೆಗೆ ಕಟ್ಟಿದ ಮುಖ

ಎಲ್ಲಿತ್ತು ಅಂತ ಕೇಳ್ಬೇಡಿ, ಯಾವಾಗಿತ್ತು ಅಂತ ಕೇಳ್ಬೇಡಿ, ಇತ್ತು ಅಂತ ಮಾತ್ರ ನಂಬಿ. ನಾನು ನಿಲ್ಲಿಸಿದ ಕಡೆ ನೀವು ಹೂಂ ಅನ್ಬೇಕು. ಅನ್ಲಿಲ್ಲ ಅಂದ್ರೆ ನಂಗೆ ಮುಂದಿಂದು ಮರ್ತೋಗುತ್ತೆ. ಅನ್ನಿ. ಹಾಂ, ಹಂಗೆ.

ಒಂದು ಊರು. ಆ ಊರಲ್ಲಿ ಹೊಸ ಮನೆ ಕಟ್ಟಿದೋರಿಗೆ ಒಂದು ಕಟ್ಟಳೆ. ಒಳಗೆ ಹಾಲು ಉಕ್ಕಿಸೋಕೆ ಮುಂಚೆ ಬಾಗಿಲ ಮೇಲೆ ಒಂದು ಬೂದುಗುಂಬಳಕಾಯಿ ಕಟ್ಬೇಕು. ಬರೀ ಕಾಯಲ್ಲ, ಅದಕ್ಕೆ ಮುಖ ಬರ್ದಿರ್ಬೇಕು. ಯಾಕೆ? ಜನರ ಕಣ್ಣು ಮನೆಗೆ ತಾಗಬಾರದು ಅಂತ. ಮುಖ ಕಟ್ಟದ ಮನೆಗೆ ಯಾರೂ ಕಾಲಿಡ್ತಿರ್ಲಿಲ್ಲ. ಬೆಕ್ಕು ಕೂಡ ಒಳಗೆ ಹೋಗ್ತಿರ್ಲಿಲ್ಲ ಅಂತಾರೆ. ಬೆಕ್ಕಿನ ಮಾತು ನಂಗೇನೋ ಅನುಮಾನ.

ಈ ಮುಖ ಬರೆಯೋಳು ಒಬ್ಬಳೇ. ಅವಳ ಹೆಸರು ಮುದ್ದವ್ವ. ಗಂಡ ಬೋರಯ್ಯ ಹಿತ್ತಲಲ್ಲಿ ಕುಂಬಳ ಬೆಳೀತಿದ್ದ, ಇವಳು ಜಗಲಿ ಮೇಲೆ ಕೂತು ಬರೀತಿದ್ಳು. ಈಚಲ ಕಡ್ಡಿ ಜಗಿದು ಮಾಡಿದ ಕುಂಚ. ಇದ್ದಿಲ ಕಪ್ಪು, ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು. ಅವಳು ಬರೆದ ಮುಖ ನೋಡಿದ್ರೆ ದೊಡ್ಡೋರು ಒಂದು ಹೆಜ್ಜೆ ಹಿಂದೆ ಹೋಗ್ತಿದ್ರು, ನಾಯಿ ಎರಡು ಹೆಜ್ಜೆ ಹಿಂದೆ ಹೋಗ್ತಿತ್ತು, ಸಾಲ ಕೇಳೋಕೆ ಬಂದ ನೆಂಟ ಮನೇಗೇ ವಾಪಸ್ ಹೋಗ್ತಿದ್ದ. ಅಷ್ಟು ಘೋರ. ಅಷ್ಟು ಚಂದ.

ಒಂದು ದಿನ ಏನಾಯ್ತು ಕೇಳಿ. ಆ ಊರ ಮೇಲೆ ಒಂದು ಪಲ್ಲಕ್ಕಿ ಬಂತು. ಒಳಗೆ ಕೂತಿದ್ದೋರು ಅರಮನೆ ಚಿತ್ರಶಾಲೆ ಯಜಮಾನ್ರು. ಅವರು ಗೌಡರ ಮನೆ ಬಾಗಿಲಲ್ಲಿ ತೂಗ್ತಿದ್ದ ಮುಖ ನೋಡಿದ್ರು. ಪಲ್ಲಕ್ಕಿ ನಿಲ್ಲಿಸಿದ್ರು. ಮುದ್ದವ್ವನ್ನ ಕರೆಸಿದ್ರು. ಊರೆಲ್ಲಾ ಸೇರ್ತು.

"ಭೇಷ್!" ಅಂದ್ರು ಯಜಮಾನ್ರು. "ಭೇಷ್! ಭೇಷ್! ಆದ್ರೆ ಆ ಎಡಗಣ್ಣು ಸ್ವಲ್ಪ..."

ಅಷ್ಟರಲ್ಲಿ ಹೊರೋರು ಪಲ್ಲಕ್ಕಿ ಎತ್ತಿದ್ರು. ಹೋಯ್ತು, ಓಡ್ಕೊಂಡೇ ಹೋಯ್ತು. ಧೂಳು ಉಳೀತು, ಮಾತಿನ ಬಾಲ ಅವರ ಬಾಯಲ್ಲೇ ಉಳೀತು.

ಸ್ವಲ್ಪ ಏನು? ನಿಮಗೆ ಗೊತ್ತಾ? ನಂಗೂ ಗೊತ್ತಿಲ್ಲ. ಮುದ್ದವ್ವನಿಗೂ ಗೊತ್ತಾಗ್ಲಿಲ್ಲ. ಮೂರು ಭೇಷ್ ಅಂದಿದ್ದು ಅವಳಿಗೆ ಅವತ್ತೇ ಮರ್ತೋಯ್ತು. ಊಟಕ್ಕೆ ಕೂತ್ರೆ 'ಸ್ವಲ್ಪ'. ನೀರು ಸೇದಿದ್ರೆ 'ಸ್ವಲ್ಪ'. ಕೋಳಿ ಕೂಗಿದ್ರೂ 'ಸ್ವಲ್ಪ' ಅಂದ ಹಂಗೆ ಕೇಳ್ಸೋದು.

ಗಂಡನ್ನ ಕೇಳಿದ್ಳು. "ಏನೂಂದ್ರೆ, ಎಡಗಣ್ಣು ಸ್ವಲ್ಪ ಏನಂತೆ?"

ಬೋರಯ್ಯ ಕುಂಬಳದ ಬಳ್ಳಿ ಬಿಡಿಸ್ತಾ, "ಸ್ವಲ್ಪ ಚಿಕ್ಕದು ಅಂತಿರ್ಬೇಕು ಕಣೇ" ಅಂದ.

ಮುದ್ದವ್ವ ಒಂದು ಕಾಯಿ ತಗೊಂಡ್ಳು, ಎಡಗಣ್ಣು ದೊಡ್ಡದಾಗಿ ಬರೆದ್ಳು. ಗೂಬೆ ಥರ ಆಯ್ತು. "ಥೂ" ಅಂತ ಕಾಯಿ ಒಡೆದ್ಳು. ಅವತ್ತು ರಾತ್ರಿ ಮನೇಲಿ ಕುಂಬಳಕಾಯಿ ಹುಳಿ.

ಅತ್ತೇನ ಕೇಳಿದ್ಳು. ಅತ್ತೆ ಎಲೆ ಅಡಿಕೆ ಕುಟ್ಟೋದು ನಿಲ್ಲಿಸದೆ, "ನಿಂದು ಯಾವುದು ಅಳತೇಲಿದೆ? ದೊಡ್ಡದಾಗಿದೆ ಅಂದಿರ್ತಾರೆ" ಅಂದ್ರು.

ಎಡಗಣ್ಣು ಚಿಕ್ಕದಾಗಿ ಬರೆದ್ಳು. ನಿದ್ದೆ ತಡಕೊಂಡು ಕತೆ ಕೇಳೋರ ಥರ ಆಯ್ತು, ಆ ಹಿಂದೆ ಕೂತಿರೋರ ಹಂಗೆ. "ಥೂ" ಅಂತ ಒಡೆದ್ಳು. ಮತ್ತೆ ಕುಂಬಳಕಾಯಿ ಹುಳಿ.

ಕೊನೆಗೆ ಊರ ಐಗಳ ಹತ್ರ ಹೋದ್ಳು. ಐಗಳು ತುಂಬಾ ಓದಿದೋರು. ಕಣ್ಣು ಮುಚ್ಚಿ, ಗಡ್ಡ ನೀವಿ, "ಅರ್ಥ ಕಮ್ಮಿ ಇದೆ ತಾಯಿ. ಎಡಗಣ್ಣಲ್ಲಿ ಸ್ವಲ್ಪ ಅರ್ಥ ಕಮ್ಮಿ" ಅಂದ್ರು.

ಚಿಕ್ಕದನ್ನ ದೊಡ್ಡದು ಮಾಡ್ಬೋದು, ದೊಡ್ಡದನ್ನ ಚಿಕ್ಕದು ಮಾಡ್ಬೋದು. ಅರ್ಥ ಎಲ್ಲಿಂದ ತರೋದು? ಇದ್ದಿಲಲ್ಲಿದ್ಯಾ? ಸುಣ್ಣದಲ್ಲಿದ್ಯಾ? ಆವತ್ತಿಂದ ಮುದ್ದವ್ವನ ಕೈ ನಿಂತೋಯ್ತು. ಕಾಯಿ ಮೇಲೆ ಒಂದು ಚುಕ್ಕೆ ಇಡೋಕೂ ಆಗ್ಲಿಲ್ಲ.

ಆಗ್ಲಿಲ್ಲ ಅಂತ ಸುಮ್ನೆ ಕೂತ್ಳಾ? ಇಲ್ಲ. ಬೆಳಿಗ್ಗೆ ಎದ್ದು ಬರಿಯೋಕೆ ಕೂರೋಳು. ಜಗಲಿ ಕೊಳೆಯಾಗಿದೆ ಅನ್ಸೋದು. ಸಾರಿಸೋಳು. ಕುಂಚ ಮೊಂಡಾಗಿದೆ ಅನ್ಸೋದು. ಹೊಸ ಕಡ್ಡಿ ಜಗಿಯೋಳು. ಬಿಸಿಲು ಹೆಚ್ಚಾಯ್ತು, ಸಂಜೆ ಬರೀತೀನಿ ಅನ್ನೋಳು. ಸಂಜೆ ಬಂದ್ರೆ ಬೆಳಕು ಸಾಲ್ದು. ಹಿಂಗೇ ಎರಡು ತಿಂಗಳು. ಆ ಮನೆ ಅಷ್ಟು ಚೊಕ್ಕಟವಾಗಿ ಯಾವತ್ತೂ ಇರ್ಲಿಲ್ಲ. ಅತ್ತೆಗೆ ಮಾತ್ರ ಬಲು ಖುಷಿ.

ಹಿತ್ತಲಲ್ಲಿ ಕುಂಬಳಕಾಯಿ ಬೆಟ್ಟದಷ್ಟು ಆಯ್ತು. ಹುಳಿ, ಪಲ್ಯ, ಮಜ್ಜಿಗೆಹುಳಿ. ಮತ್ತೆ ಹುಳಿ, ಪಲ್ಯ, ಮಜ್ಜಿಗೆಹುಳಿ. ಬೋರಯ್ಯ ಕೈ ಮುಗಿದ. "ಲೇ, ನಿನ್ನ ಕಾಲಿಗೆ ಬೀಳ್ತೀನಿ, ಒಂದು ಮುಖ ಬರಿ. ನನ್ನ ಮುಖವೇ ಬೂದುಗುಂಬಳ ಆಗ್ತಿದೆ."

"ನಂಗೆ ಬರಲ್ಲ" ಅಂದ್ಳು ಮುದ್ದವ್ವ. "ಯಾವತ್ತೂ ಬರ್ತಿರ್ಲಿಲ್ಲ. ಇಷ್ಟು ದಿನ ಯಾರಿಗೂ ಗೊತ್ತಾಗಿರ್ಲಿಲ್ಲ, ಅಷ್ಟೇ."

ಹೂಂ ಅನ್ನಿ. ಇಲ್ಲಿ ಸ್ವಲ್ಪ ದುಃಖ ಇದೆ.

ಆಗ ಬಂದ್ಳು ದ್ಯಾವಮ್ಮ. ಮುದ್ದವ್ವನ ಜೊತೆ ಚಿಕ್ಕಂದಿನಲ್ಲಿ ಹುಣಸೆಕಾಯಿ ಕದ್ದೋಳು. ಗಂಡ ಹೋದ್ಮೇಲೆ ಒಬ್ಬಳೇ ಮಣ್ಣು ಹೊತ್ತು, ಒಬ್ಬಳೇ ಗೋಡೆ ಏರಿಸಿ, ಹನ್ನೆರಡು ವರ್ಷದಲ್ಲಿ ಒಂದು ಮನೆ ಕಟ್ಟಿದ್ಳು. ಹಳೇ ಗುಡಿಸಲಿನ ತೊಲೆ ಕಿತ್ತು ಹೊಸ ಮನೆಗೆ ಹಾಕಿಬಿಟ್ಟಿದ್ಳು. ಅವಳೂ, ಅವಳ ಮೂರು ಆಡೂ ಬೇವಿನ ಮರದ ಕೆಳಗೆ ಮಲಗ್ತಿದ್ರು.

"ಲೇ ಮುದ್ದಿ, ಶುಕ್ರವಾರ ಹಾಲು ಉಕ್ಕಿಸ್ತೀನಿ. ಮುಖ ಬರ್ಕೊಡು."

"ನನ್ ಕೈಲಾಗಲ್ಲ ಕಣೇ."

"ಈ ಶುಕ್ರವಾರ ಬಿಟ್ರೆ ಮಳೆಗಾಲ ಮುಗಿಯೋವರೆಗೂ ಮುಹೂರ್ತ ಇಲ್ಲ. ಮರದ ಕೆಳಗೆ ನೆನೀಲಾ ನಾನು?"

"ಬೇರೆ ಯಾರ್ ಹತ್ರಾನಾದ್ರೂ ಬರೆಸ್ಕೋ."

"ಬೇರೆ ಯಾರಿದ್ದಾರೆ? ನಿಮ್ಮತ್ತೇನಾ?" ಒಳಗಿಂದ ಅಡಿಕೆ ಕುಟ್ಟೋ ಸದ್ದು ನಿಂತೋಯ್ತು. ದ್ಯಾವಮ್ಮ ದನಿ ತಗ್ಗಿಸಿದ್ಳು. "ಇನ್ನೊಂದು ವಿಷಯ. ಕಾಳಿಂಗಯ್ಯ ಮಾವ ಬರ್ತಿದ್ದಾರೆ."

ಅಯ್ಯೋ! ಕಾಳಿಂಗಯ್ಯ ಅಂದ್ರೆ ಯಾರು? ದ್ಯಾವಮ್ಮನ ಗಂಡನ ಸೋದರಮಾವ. ಕೆಟ್ಟ ಮನುಷ್ಯ ಅಲ್ಲ, ತುಂಬಾ ಒಳ್ಳೇ ಮನುಷ್ಯ. ಅದೇ ತೊಂದರೆ. ಏನು ಕಂಡ್ರೂ ಮನಸಾರೆ ಹೊಗಳೋರು. "ಎಂಥಾ ಹಸು!" ಅಂದ್ರು, ಸಂಜೆಗೆ ಹಸು ಒದೆಯೋಕೆ ಶುರು ಮಾಡ್ತು. "ಎಂಥಾ ಜಡೆ!" ಅಂದ್ರು, ಮದುವಣಗಿತ್ತಿ ತಲೆ ತುಂಬಾ ಹೇನು. "ಎಂಥಾ ಬಾವಿ!" ಅಂದ್ರು, ಮಾರನೇ ದಿನ ಕೊಡ ಇಳಿಬಿಟ್ರೆ ಕಪ್ಪೆ ಬಂತು, ನೀರು ಬರ್ಲಿಲ್ಲ. ಅಂಥಾ ಕಣ್ಣು ಆ ಮನೆ ಮೇಲೆ ಬಿದ್ರೆ? ಹನ್ನೆರಡು ವರ್ಷದ ಗೋಡೆ!

"ಅದಕ್ಕೇ ಹೇಳ್ತಿರೋದು, ಘೋರವಾಗಿರೋ ಮುಖ ಬೇಕು, ನಿನ್ನಂಥೋಳೇ ಬರೀಬೇಕು" ಅಂದ್ಳು ದ್ಯಾವಮ್ಮ.

ಅಷ್ಟು ಕೇಳಿದ್ದೇ ಮುದ್ದವ್ವನ ಕೈ ಇನ್ನೂ ಗಟ್ಟಿಯಾಗಿ ನಿಂತೋಯ್ತು.

ಬುಧವಾರ ಬಂತು. ಜಗಲಿ ಸಾರಿಸಿದ್ಳು. ಗುರುವಾರ ಬಂತು. ಸಾರಿಸಿದ ಜಗಲಿ ಸಾರಿಸಿದ್ಳು. ಶುಕ್ರವಾರ ಬೆಳಿಗ್ಗೆ ದ್ಯಾವಮ್ಮ ಹೊಸ ಸೀರೆ ಉಟ್ಕೊಂಡು ಬಂದು ನೋಡ್ತಾಳೆ, ಕಾಯಿ ಬೋಳಾಗಿ ಕೂತಿದೆ, ಮುದ್ದವ್ವ ಅದರ ಎದುರು ಅದಕ್ಕಿಂತ ಬೋಳಾಗಿ ಕೂತಿದ್ದಾಳೆ.

"ನೆಂಟರು ಬರೋ ಹೊತ್ತಾಯ್ತು! ಒಲೆ ಮೇಲೆ ಹಾಲಿಡೋಕೆ ಕಾಯ್ತಿದೀನಿ!"

"ಚೆನ್ನಾಗಿ ಬರಲ್ಲ ದ್ಯಾವೀ."

"ಚೆನ್ನಾಗಿರೋದು ಯಾರಿಗೆ ಬೇಕು? ನಂಗೆ ಒಂದು ಮುಖ ಬೇಕು! ಬರೀತೀಯೋ ಇಲ್ಲಾ ನನ್ನೇ ಬಾಗಿಲಿಗೆ ಕಟ್ತೀಯೋ?"

ಅಂದವಳೇ ಕುಂಚ ಅದ್ದಿ ಇವಳ ಕೈಗೆ ತುರುಕಿದ್ಳು. ಮುದ್ದವ್ವ ಕಣ್ಣು ಮುಚ್ಚಿ ಎಳೆದ್ಳು. ಬಲಗಣ್ಣು ಬಂತು, ಹಣೆ ಮೇಲೆ ಬಂತು. ಎಡಗಣ್ಣು ಬಂತು, ಜಾರಿ ಕೆನ್ನೆಗೆ ಬಂತು. ಬಾಯಿ ಒಂದು ಕಿವಿ ಕಡೆ ಹೊರಟಿದ್ದು ದಾರೀಲಿ ಮನಸ್ಸು ಬದಲಾಯಿಸಿ ಮೇಲಕ್ಕೆ ಹೋಯ್ತು. ಮೂಗು ಬರಿಯೋದೇ ಮರ್ತೋಯ್ತು.

ಕಣ್ಣು ಬಿಟ್ಟು ನೋಡಿದ್ಳು. "ಅಯ್ಯಯ್ಯೋ! ಹುಳಿಗೆ ಹಾಕ್ಬಿಡೇ ಇದನ್ನ!"

ಕೇಳೋಕೆ ದ್ಯಾವಮ್ಮ ಎಲ್ಲಿದ್ದಾಳೆ? ಕಾಯಿ ಕಂಕುಳಲ್ಲಿ ಇಟ್ಕೊಂಡು ಓಡಿ ಆಯ್ತು.

ಮುದ್ದವ್ವ ಹಿಂದೇನೇ ಓಡಿದ್ಳು. ಹೋಗೋಷ್ಟರಲ್ಲಿ ಕಾಯಿ ಬಾಗಿಲ ಮೇಲೆ ತೂಗ್ತಿತ್ತು. ನಾಚಿಕೆಯಾಗಿ ಅಂಗಳದ ಹುಲ್ಲಿನ ಮೆದೆ ಹಿಂದೆ ಬಚ್ಚಿಟ್ಕೊಂಡ್ಳು. ಮುಖ ತೋರ್ಸೋದು ಬೇಡ, ಆದ್ರೆ ಜನ ಏನಂತಾರೋ ಕೇಳ್ಬೇಕು. ಮನೆಗೆ ಹೋಗೋಕೂ ಆಗಲ್ಲ, ಕೇಳೋಕೂ ಆಗಲ್ಲ. ನಿಮಗೆ ಹಂಗೆ ಆಗಿದ್ಯಾ? ನಂಗೆ ಈಗ ಆಗ್ತಿದೆ.

ಮೊದಲು ಬಂದೋಳು ಬಳೆಗಾರ್ತಿ ಚಂದವ್ವ. ಕತ್ತೆತ್ತಿ ನೋಡಿದ್ಳು. "ಇದೇನೇ ಇದು? ಹಲ್ಲುನೋವಾ ಇದಕ್ಕೆ?"

ಮುದ್ದವ್ವ ಮೆದೆ ಒಳಗೆ ಒಂದು ಮೊಳ ಹೂತೋದ್ಳು.

ಆಮೇಲೆ ಬಂದೋನು ಮುದುಕ ಹಲಗಯ್ಯ. "ಹಲ್ಲುನೋವಲ್ಲ ಕಣಮ್ಮ. ಬೀಗರು ಬರ್ತಾರೆ ಅಂದಾಗ ನನ್ನ ಹೆಂಡ್ತಿ ಹಿಂಗೇ ಮಾಡ್ತಿದ್ದಳು."

ಮುದ್ದವ್ವ ಇನ್ನೊಂದು ಮೊಳ ಹೂತೋದ್ಳು.

ಆಮೇಲೆ ಬಂದ್ರು ಕಾಳಿಂಗಯ್ಯ. ಬಿಳೀ ಪಂಚೆ, ಕೈಯಲ್ಲಿ ಎರಡು ತೆಂಗಿನಕಾಯಿ, ಬಾಯಲ್ಲಿ ಹೊಗಳಿಕೆ ತಯಾರು. "ಏನಮ್ಮಾ ದ್ಯಾವಮ್ಮಾ, ಎಂಥಾ ಮ..." ಅಂತ ಕಣ್ಣೆತ್ತಿದ್ರು.

ಎತ್ತಿದ ಕಣ್ಣು ಕಾಯಿ ಮೇಲೆ ಬಿತ್ತು. ಅಲ್ಲೇ ಸಿಕ್ಕಾಕ್ಕೊಳ್ತು.

"ಇದೇನಿದು? ಸೀನು ಬರ್ತಿದ್ಯಾ ಇದಕ್ಕೆ?"

"ಹಲ್ಲುನೋವು ಮಾವ" ಅಂದ್ಳು ಚಂದವ್ವ.

"ಹಲ್ಲುನೋವಿಗೆ ಕಣ್ಣು ಯಾಕಮ್ಮ ಕೆನ್ನೆಗೆ ಇಳಿಯುತ್ತೆ? ಸೀನೇ. ನೋಡು, ಇನ್ನೇನು ಬಂತು."

"ಮೂಗೇ ಇಲ್ಲ, ಎಲ್ಲಿಂದ ಸೀನ್ತದೆ?" ಅಂದ ಹಲಗಯ್ಯ.

"ಸೀನಿದ ರಭಸಕ್ಕೇ ಮೂಗು ಹಾರೋಗಿರೋದು!"

ಶುರುವಾಯ್ತು ನೋಡಿ. ಅರ್ಧ ಊರು ಸೀನು ಅಂತು. ಅರ್ಧ ಊರು ಹಲ್ಲುನೋವು ಅಂತು. ಹಲಗಯ್ಯ ಒಬ್ಬ ಹೆಂಡ್ತಿ ಅಂದ. ಒಳಗೆ ಹಾಲು ಉಕ್ತು, ಯಾರೂ ನೋಡ್ಲಿಲ್ಲ. ಚಪ್ಪರದಲ್ಲಿ ಎಲೆ ಹಾಕಿದ್ರು. ಕಾಳಿಂಗಯ್ಯ ತಮ್ಮ ಎಲೆ ಎಳ್ಕೊಂಡು ಕಾಯಿಗೆ ಎದುರಾಗಿ ಕೂತ್ರು. ಪಾಯಸ ಬಡಿಸಿದ್ರೆ, "ತಡಿಯಮ್ಮ, ಈ ಕಡೆಯಿಂದ ನೋಡಿದ್ರೆ ಅದು ನಗ್ತಿದೆ!" ಅಂದ್ರು.

ಮೆದೆ ಹಿಂದೆ ಮುದ್ದವ್ವನಿಗೆ ಒಂದೊಂದು ಮಾತೂ ಕೆಂಜಿಗ ಕಚ್ಚಿದ ಹಂಗೆ. ನಿಜವಾಗ್ಲೂ ಕೆಂಜಿಗ ಕಚ್ತಿದ್ವು, ಮೆದೇಲಿ ಗೂಡಿತ್ತು. ಆದ್ರೆ ಅವಳು ಅಲ್ಲಾಡ್ಲಿಲ್ಲ. ಅವಳಿಗೆ ಏನೋ ಹೊಳೀತು. ಕಿವಿಗೊಟ್ಟು ಕೇಳಿದ್ಳು. ಕಣ್ಣಿನ ಮಾತು, ಬಾಯಿ ಮಾತು, ಇಲ್ಲದ ಮೂಗಿನ ಮಾತು. ಮನೆ ಬಗ್ಗೆ? ಒಂದು ಮಾತಿಲ್ಲ. ಎಂಥಾ ಬಾಗಿಲು ಅಂದೋರಿಲ್ಲ, ಎಂಥಾ ತೊಲೆ ಅಂದೋರಿಲ್ಲ.

ಗೌಡರ ಮನೆಗೆ ಬರೆದಾಗ? "ಆಹಾ, ಘೋರ!" ಅಂದು, ಒಂದು ಗಳಿಗೆ ನೋಡಿ, ಎಲ್ಲರೂ ಆ ಮನೆ ಕಡೆ ತಿರುಗಿದ್ರು. ಅದೇ ವಾರ ಗೌಡರ ಅಟ್ಟ ಕುಸಿದಿತ್ತು.

ಮುದ್ದವ್ವ ಮೆದೆ ಒಳಗೇ ನಗೋಕೆ ಶುರು ಮಾಡಿದ್ಳು. ಮೆದೆ ಅಲ್ಲಾಡ್ತು. ಆಡು ಬೆದರಿ ಓಡಿತು.

ಸಂಜೆ ನೆಂಟರೆಲ್ಲಾ ಹೊರಟ್ರು. ಕಾಳಿಂಗಯ್ಯ ಹಿಂದಕ್ಕೇ ಹೆಜ್ಜೆ ಇಡ್ತಾ ಹೋದ್ರು, ಕಾಯಿ ಮೇಲಿಂದ ಕಣ್ಣು ತೆಗೀಲೇ ಇಲ್ಲ. "ಸೀನೇ ಕಣಯ್ಯಾ! ಬರೆದಿಟ್ಕೋ!" ಅಂತ ಕೂಗ್ತಾ ಕೂಗ್ತಾ ತಿಪ್ಪೇಗುಂಡಿಗೆ ಬಿದ್ರು. ಎದ್ದು, ಪಂಚೆ ಕೊಡವಿ, ಮತ್ತೆ ಕಾಯಿ ಕಡೆಗೇ ಬೆರಳು ತೋರಿಸಿದ್ರು.

ಅಂಗಳ ಖಾಲಿ ಆಯ್ತು. ಮುದ್ದವ್ವ ಮೈ ತುಂಬಾ ಹುಲ್ಲು ಅಂಟಿಸ್ಕೊಂಡು ಹೊರಗೆ ಬಂದ್ಳು. ನೋಡಿದ್ರೆ ದ್ಯಾವಮ್ಮ ಹೊಸ್ತಿಲ ಮೇಲೆ ಮುಖ ಊದಿಸ್ಕೊಂಡು ಕೂತಿದ್ದಾಳೆ.

"ಏನಾಯ್ತೇ? ಮನೆಗೆ ಏನೂ ಆಗ್ಲಿಲ್ವಲ್ಲ?"

"ಆಗ್ಲಿಲ್ಲ" ಅಂದ್ಳು ದ್ಯಾವಮ್ಮ. "ಹನ್ನೆರಡು ವರ್ಷ ಮಣ್ಣು ಹೊತ್ತಿದೀನಿ ಕಣೇ. ಒಬ್ರಾದ್ರೂ ನೋಡ್ಬಾರ್ದಾ? ಒಂದೇ ಒಂದು ನರಪಿಳ್ಳೆ ನನ್ನ ಮನೆ ನೋಡ್ಲಿಲ್ಲ!"

"ನೋಡ್ಬಾರ್ದು ಅಂತ ತಾನೇ ನನ್ನ ಕೈಲಿ ಬರೆಸಿದ್ದು?"

"ಅದು ಸರಿ. ಆದ್ರೂ..."

ಮುದ್ದವ್ವ ಅವಳ ಕೈ ಹಿಡಿದು ಎಬ್ಬಿಸಿದ್ಳು. "ಬಾ. ನಾನು ನೋಡ್ತೀನಿ. ನನ್ನ ಕಣ್ಣು ತಾಗಲ್ಲ."

ಒಳಗೆ ಹೋದ್ಳು. ನಡುಮನೆ ನೋಡಿದ್ಳು, ಅಡುಗೆಮನೆ ನೋಡಿದ್ಳು, ಆಡಿನ ಮೂಲೆ ನೋಡಿದ್ಳು. ಒಂದು ಗೋಡೆ ಹತ್ರ ನಿಂತು ತಲೆ ಓರೆ ಮಾಡಿದ್ಳು. "ಲೇ ದ್ಯಾವೀ, ಈ ಗೋಡೆ ಸೊಟ್ಟ ಇದೆಯಲ್ಲೇ!"

"ಗೊತ್ತು" ಅಂದ್ಳು ದ್ಯಾವಮ್ಮ. "ಆ ವರ್ಷ ಸೊಂಟ ನೋವಿತ್ತು. ನಿಂತಿದೆಯಲ್ಲಾ, ಒರಗಿಕೋ."

ಮುದ್ದವ್ವ ಒರಗಿಕೊಂಡ್ಳು. ಗೋಡೆ ಗಟ್ಟಿಯಾಗಿತ್ತು. ಮಣ್ಣಿನ ತಂಪು ಬೆನ್ನಿಗೆ ಹಿತವಾಗಿತ್ತು. ತಿರುಗಿ ಗೋಡೆ ಮೇಲೆ ಕೈ ಆಡಿಸ್ತಾ, "ನಿನ್ನ ಹತ್ರ ಇದ್ದಿಲಿದ್ಯಾ?" ಅಂತ ಕೇಳಿದ್ಳು.

"ಯಾಕೆ?"

"ಇಷ್ಟು ಒಳ್ಳೇ ಗೋಡೆ ಖಾಲಿ ಬಿಟ್ಟಿದೀಯಲ್ಲ."

ಹೊರಗೆ ಮೊದಲ ಮಳೆ ಶುರುವಾಯ್ತು. ಆಡುಗಳು ತಾವಾಗೇ ಒಳಗೆ ಬಂದ್ವು. ಮುದ್ದವ್ವ ಹಿಂದೆ ತಿರುಗಿ ನೋಡ್ದೆ ಬರೀತಾನೇ ಇದ್ದಳು.

ಅವಳು ಅಲ್ಲಿ ಬರೀತಾ ಉಳಿದ್ಳು, ನೀವು ಇಲ್ಲಿ ಕೇಳ್ತಾ ಉಳಿದ್ರಿ, ನನ್ನ ಬಾಯಲ್ಲಿದ್ದ ಕತೆ ನಿಮ್ಮ ಕಿವಿಗೆ ಹೋಯ್ತು. ಚೆನ್ನಾಗಿತ್ತೋ ಇಲ್ವೋ ನಾಳೆ ಹೇಳಿ. ಈಗ ಬರೀ ಹೂಂ ಅನ್ನಿ.