ಬೈಬಲ್ ರಟ್ಟಿನಾಗ ನಿಮ್ಮಜ್ಜಿ ಬರದಿಟ್ಟಿದ್ದು

ಅಲ್ಲ, ಗೋರಿ ಕಲ್ಲಿನ ಮ್ಯಾಲೆ ಹಂಗ ಕೆತ್ತಿಸಿದ್ದು ನಾನಲ್ಲ. ಪಾದ್ರಿ ಅಯ್ನೋರು, ಖರೇ ಗೊತ್ತಿದ್ದೂ, ಕೆತ್ತಿಸಿದ್ರು. "ವೇದಪುಸ್ತಕವನ್ನು ಎಂದೂ ಕೈಬಿಡದ ಎಸ್ತರವ್ವ" ಅಂತ. ಮುಂಜಾನಿ ನೀವು ಹೂವು ಇಟ್ಟು ಅದನ್ನ ಜೋರಾಗಿ ಓದಿದ್ರಿ, ನಾ ಎದ್ದು ಬಂದ್ನಿ. ಅಜ್ಜಗ ಅಳು ಬಂತು ಅಂದ್ರಿ. ಅಳು ಅಲ್ಲ, ಸಿಟ್ಟು. ಇಷ್ಟು ವರ್ಷ ಆದ್ರೂ ಆ ಅಕ್ಷರ ಯಾರರ ಓದಿದ್ರ ಸಿಟ್ಟು ಬರ್ತೈತಿ. ಯಾಕಂದ್ರ ಅದು ಸುಳ್ಳು. ನಿಮ್ಮಜ್ಜಿ ಕೈಯಾಗ ಹೋದದ್ದು ಬೈಬಲ್ ಅಲ್ಲ. ಹೋಗಿದ್ದನ್ನ ಇಟ್ಟು ಪೆಟ್ಟಿಗಿಗೆ ಮೊಳಿ ಹೊಡದವ ನಾನ. ಕುಂದರ್ರಿ, ಹೇಳ್ತೇನಿ. ನನಗ ಮಾತು ಕಡಿಮಿ. ನಡುವ ಬಾಯಿ ಹಾಕಬ್ಯಾಡ್ರಿ.

ಹಾನಗಲ್ಲಾಗ ಬಡಿಗತನ ನನ್ನದು. ಎರಡನೇತ್ತ ಅರ್ಧಕ್ಕ ಸಾಲಿ ಬಿಟ್ಟಾವ. ಅರ್ಧಾನೂ ಅಲ್ಲ, ದಸರಾ ಸೂಟಿಗೆ ಬಂದಾವ ಹೊಳ್ಳಿ ಹೋಗಲಿಲ್ಲ. ಹೆಸರು ಬರಿಯಾಕ ಬರ್ತೈತಿ, ಅಳತಿ ಪಟ್ಟಿ ಓದಾಕ ಬರ್ತೈತಿ, ಅಷ್ಟ. ನಿಮ್ಮಜ್ಜಿ ಬೋರ್ಡಿಂಗ್ ಸಾಲ್ಯಾಗ ಬೆಳದಾಕಿ, ಮುಲ್ಕಿ ಪರೀಕ್ಷಾ ಪಾಸ್. ಮದವ್ಯಾಗ ನಮ್ಮ ಓಣಿ ಹೆಣ್ಮಕ್ಕಳು "ಗರಗಸಕ್ಕ ಲೆಕ್ಕಣಿಕಿ ಗಂಟು ಹಾಕ್ಯಾರ ನೋಡವ್ವ" ಅಂತ ನಕ್ರು. ಆಕಿನೂ ನಕ್ಳು. ಎರಡು ಕೂಸು ಹುಟ್ಟಿದ್ವು, ಹೋದ್ವು. ಮೂರನೇದು ನಿಮ್ಮವ್ವ ಕರುಣಾ, ಉಳೀತು. ಆ ಎರಡು ಕೂಸು ಹೋದ ಮ್ಯಾಲೆನ ಆಕಿ ಬರಿಯಾಕ ಹತ್ತಿದ್ದು. ಕರುಣಾಗ ಅಕ್ಷರ ಕಲಸಾಕೂ ಆಕಿ ಹಲಗಿ ಬೇಡತಿದ್ದಿಲ್ಲ, ನನ್ನ ಬಾಗಲದ ಹಲಗಿ ಮ್ಯಾಲೆ ಸುಣ್ಣಕಡ್ಡಿಲೆ ಬರಸೂದು. ನಾ ಬಂದು ರಂದಾ ಹೊಡದು ಅಳಿಸಿಬಿಡೂದು. ಕೆಲಸ ಆಗಬೇಕಲ್ಲ.

ಹಾಂ, ಸಿಟ್ಟಿನ ಮಾತು. ಒಂದು ಸರತಿ ಧಾರವಾಡ ಕಡಿಂದ ಬರೋ ನಮ್ಮ ಕ್ರೈಸ್ತ ಸಭೆಯ ತಿಂಗಳ ಪತ್ರಿಕ್ಯಾಗ ಆಕಿ ಬರದದ್ದು ಅಚ್ಚಾತು. ಒಬ್ಬಾಕಿ ಅತ್ತಿ, ಬಾಣಂತಿ ಸೊಸಿ ಕುಡದುಬಿಡ್ತಾಳಂತ ಹಾಲಿನ ಕಪಾಟಕ್ಕ ಕೀಲಿ ಹಾಕಿ, ಕೀಲಿಕೈ ಸೆರಗಿಗೆ ಕಟಗೊಂಡು ಪ್ರಾರ್ಥನಾಕ್ಕ ಹೋಗ್ತಾಳ. ಇಷ್ಟ ಕತಿ. ಹೆಸರು ಹಾಕಿರಲಿಲ್ಲ, "ಒಬ್ಬ ತಾಯಿ" ಅಂತ ಹಾಕಿದ್ರು. ಆದ್ರ ಆ ಕಪಾಟ ಮಾಡಿದಾವ ನಾನ ನೋಡ್ರಪಾ! ಪಾದ್ರಿ ಅಯ್ನೋರ ಮನೀದು. ಆ ಅತ್ತಿ ಅವರ ತಾಯಿ. ಯಾರ ಮನಿ ಕತಿ, ಯಾರು ಬರದದ್ದು, ಓಣಿಗೆಲ್ಲಾ ಗೊತ್ತಾತು. ಆದಿತವಾರ ಪ್ರಾರ್ಥನಾ ಗುಡಿಯೊಳಗ ಅಯ್ನೋರು ಎಲ್ಲಾರ ಮುಂದ ನಿಮ್ಮಜ್ಜಿನ್ನ ಎಬ್ಬಿಸಿ ನಿಂದರಿಸಿದ್ರು. "ಸ್ತ್ರೀಯರು ಸಭೆಯೊಳಗ ಮೌನವಾಗಿರಬೇಕಂತ ವೇದದಾಗ ಐತೋ ಇಲ್ಲೋ?" ಅಂದ್ರು. ನಿಮ್ಮಜ್ಜಿ ಅಂತಾಳ, "ಐತಿರಿ ಅಯ್ನೋರ. ಆದ್ರ ನಾ ಸಭೆಯೊಳಗ ಎಲ್ಲಿ ಮಾತಾಡೇನ್ರಿ? ಅಡಗಿ ಮನ್ಯಾಗ ಕುಂತು ಬರದೇನ್ರಿ." ಹಿಂದ ಕುಂತ ಹೆಣ್ಮಕ್ಕಳು ಸೆರಗು ಬಾಯಿಗೆ ಹಚ್ಚಿಕೊಂಡು ಕಿಸಕ್ ಅಂದ್ರು. ಅಯ್ನೋರ ಮಾರಿ ಕೆಂಪಗಾತು. ಇನ್ನ ಬರಿಯೂದಿಲ್ಲಂತ ಮಾತು ಕೊಡೂತನಾ ಈಕಿಗೆ ಪ್ರಭುಭೋಜನ ಇಲ್ಲ ಅಂದ್ರು. ಎಲ್ಲಾರೂ ರೊಟ್ಟಿ, ದ್ರಾಕ್ಷಾರಸ ತಗೊಳ್ಳೂದು, ಈಕಿ ಒಬ್ಬಾಕಿ ಕಂಬದ ಹಂತೇಕ ತೆಲಿ ತೆಗ್ಗಿಸಿ ಕುಂದ್ರೂದು. ಯಾರು ಆಕಿ ಪರ ಮಾತಾಡಬೇಕಾಗಿತ್ತು? ನಾನು. ನಾ ಏನಂದ್ನಿ ಗೊತ್ತೇನು? "ಕೊಟ್ಟುಬಿಡ ಮಾತು. ಹಾಳಿ ಹೊಟ್ಟಿಗೆ ಹಾಕ್ತಾವೇನು?" ಅಂದ್ನಿ. ಆಕಿ ನನ್ನ ಮಾರಿ ನೋಡಿದ್ಲು. ಮರು ಆದಿತವಾರ ಎದ್ದು ನಿಂತು, "ಇನ್ನ ಮ್ಯಾಲೆ ಪತ್ರಿಕೆಗೆ ಬರಿಯೂದಿಲ್ರಿ" ಅಂದ್ಲು. ಪತ್ರಿಕೆಗೆ. ಅಷ್ಟ ಅಂದ್ಲು ಆಕಿ. ಅಯ್ನೋರು ಸಂತೋಷಪಟ್ರು. ನಾನೂ ಸಂತೋಷಪಟ್ನಿ, ಹುಚ್ಚ.

ಆಮ್ಯಾಲೆ ಯುದ್ಧ ಬಂತು. ಎಲ್ಲಾದಕ್ಕೂ ಪಾಳಿ. ಸೀಮಿಎಣ್ಣಿಗೆ ಪಾಳಿ, ಸಕ್ರಿಗೆ ಪಾಳಿ, ಉಡೋ ಅರಬಿಗೆ ಪಾಳಿ. ಕಾಗದ ಅಂತೂ ಕಣ್ಣಿಗೆ ಬೀಳತಿದ್ದಿಲ್ಲ. ಸವಣೂರಾಗ ರಸೂಲಸಾಬ ಅಂತ ಅರಬಿ ಅಂಗಡಿಯಾವ ಇದ್ದ. ನನ್ನ ಕಡೆ ಗಲ್ಲಾಪೆಟ್ಟಿಗಿ ಮಾಡಿಸ್ಯಾನ, ಅಲ್ಲಿಂದ ಪರಿಚಯ. ಅವ ಅರಬಿ ಗಂಟಿಗೆ ಸುತ್ತಿ ಬರೋ ಕಾಗದ ನೀಟಾಗಿ ಮಡಚಿ "ಎಸ್ತರಬಾಯಿಗೆ ಕೊಡ್ರಿ" ಅಂತ ಕಳಸಾಂವ, ಒಮ್ಮೊಮ್ಮೆ ಆಕಿನ ಹೋಗಿ ತರತಿದ್ಲು. ಯಾಕ ಅಂತ ನಾ ಕೇಳಲಿಲ್ಲ. ಒಮ್ಮೆ ಆಕಿ ಆ ಹಾಳಿ ಕತ್ತರಿಸಿ ಒಟ್ಟಿ, "ಬೈರಿಗಿಲೆ ಮೂರು ತೂತು ಹಾಕಿ ಕೊಡ್ರಿ" ಅಂದ್ಲು. ಹಾಕಿಕೊಟ್ನಿ. ಏನು ಅಂತ ಕೇಳಲಿಲ್ಲ. ಆಕಿ ಹಳೇ ಬೈಬಲ್ಲಿನ ಹೊಲಿಗಿ ಮಳೆಗಾಲದ ಥಂಡಿಗೆ ಬಿಚ್ಚಿ, ಕರೀ ರಟ್ಟು ಬ್ಯಾರೆ, ಒಳಗಿನ ಹಾಳಿ ಬ್ಯಾರೆ ಆಗಿತ್ತಂತ. ಆಕಿ ವೇದದ ಹಾಳಿ ಮದವಿ ಸೀರಿ ತುಂಡಿನ್ಯಾಗ ಸುತ್ತಿ, ಬೇವಿನ ಎಲಿ ಹಾಕಿ, ಗೆದ್ದಲಿ ಹತ್ತಬಾರದಂತ ಜೋಳದ ಗುಮ್ಮಿಯೊಳಗ ಇಟ್ಲು. ಬರಿ ರಟ್ಟಿನ್ಯಾಗ ತನ್ನ ಹಾಳಿ ಹೊಲದ್ಲು. ಇದು ನನಗ ಆಗ ಗೊತ್ತಿಲ್ಲ. ಕರುಣಾಗಷ್ಟ ಗೊತ್ತು. ಅಯ್ನೋರು ಮನೀಗೆ ಬಂದಾಗೆಲ್ಲ ಆಕಿ ಮುಂದ ಆ ಕರೀ ರಟ್ಟು. "ನೋಡ್ರಿ, ಎಸ್ತರವ್ವ ಹೆಂಗ ತಿದ್ದಿಕೊಂಡ್ಲು" ಅಂತಿದ್ರು. ಆಕಿ ದಾರ ಸುತ್ತಿ ಬದಿಗಿಟ್ಟು ಚಾ ಮಾಡಾಕ ಹೋಗ್ತಿದ್ಲು.

ಮುಂದಿನ ಮಳೆಗಾಲಕ್ಕ ಆಕಿಗೆ ಚಳಿಜ್ವರ ಹಿಡೀತು. ಕ್ವಿನೈನ್ ಗುಳಗಿಗೆ ನಾ ಶಿಗ್ಗಾವಿಗೆ ಹೋದ್ನಿ, ಬಂಕಾಪುರಕ್ಕ ಹೋದ್ನಿ. ಎಲ್ಲಾ ಯುದ್ಧದ ದಂಡಿಗೆ ಹೋಗ್ಯಾವ ಅಂದ್ರು. ಒಂಬತ್ತನೇ ದಿನ ಹೋದ್ಲು. ಸಾಗವಾನಿನೂ ದಂಡಿಗೆ ಹೋಗಿತ್ತು. ಮನ್ಯಾಗಿದ್ದ ಮಾವಿನ ಹಲಗಿಲೆ ನಾನ ಪೆಟ್ಟಿಗಿ ಮಾಡಿದ್ನಿ. ಕರುಣಾನ್ನ ಹಿರೇಕೆರೂರಿಗೆ ಕೊಟ್ಟಿದ್ವಿ. ಹಳ್ಳ ಬಂದು ದಾರಿ ಕಟ್ಟಿತ್ತು, ಆಕಿ ಬರೂತನಾ ಹೆಣ ಇಡಂಗಿಲ್ಲ. ಅಯ್ನೋರು ಅಂದ್ರು, "ವೇದ ಅಂದ್ರ ಈಕಿ ಪ್ರಾಣ. ಅದನ್ನ ಕೈಯಾಗಿಡಪಾ." ನಾ ತಂದ್ನಿ. ದಾರ ಸುತ್ತಿತ್ತು. ಬಿಚ್ಚಲಿಲ್ಲ. ಬಿಚ್ಚಿದ್ರರ ಏನು, ಅಕ್ಷರ ಅಚ್ಚಿಂದೋ ಕೈದೋ ಅಷ್ಟರ ತಿಳೀತಿತ್ತು. ಎದಿ ಮ್ಯಾಲಿಟ್ನಿ. ಮೊಳಿ ಹೊಡದ್ನಿ.

ಮೂರನೇ ದಿನ ಕರುಣಾ ಬಂದ್ಲು. ಅತ್ತು, ಎದ್ದು, ಗ್ವಾಡಿ ಮಾಡಾ ತಡವಿದ್ಲು. "ಅಪ್ಪಾ, ಅವ್ವನ ಕರೀ ಪುಸ್ತಕ ಎಲ್ಲೈತಿ?" "ಕೈಯಾಗಿಟ್ಟು ಕಳಿಸೇನಿ, ತಂಗಿ." ಕರುಣಾ ಗುಮ್ಮಿಗೆ ಕೈ ಹಾಕಿ ಸೀರಿ ಗಂಟು ತಗದು ನನ್ನ ಮುಂದಿಟ್ಲು. "ಬೈಬಲ್ ಇದು. ನೀ ಹುಗದದ್ದು ಅವ್ವನ್ನ, ಅಪ್ಪಾ. ಎರಡೆರಡು ಸರತಿ ಹುಗದಿ."

ನಾ ಸಲಿಕಿ ಹೊತಗೊಂಡು ಹೊಂಟ್ನಿ. ಹಾಡಹಗಲ. ಅಯ್ನೋರು ಸುದ್ದಿ ತಿಳದು ಓಡಿ ಬಂದ್ರು. "ಹೆಂಗಸಿನ ನಾಕು ಹಾಳಿ ಸಲುವಾಗಿ ಗೋರಿ ತಗೀತಿಯೇನೋ? ಸತ್ತವರ ನಿದ್ದಿ ಕೆಡಸ್ತಿಯೇನೋ?" ಸರೀರಿ ಆಚೆ, ಅಂದ್ನಿ. ಸಲಿಕಿ ಎತ್ತಿದ್ನಿ, ಸುಳ್ಳ್ಯಾಕ ಹೇಳ್ಲಿ, ಅವರ ಮ್ಯಾಲೆನ ಎತ್ತಿದಂಗ ಎತ್ತಿದ್ನಿ. ಅವರು ಹೆದರಲಿಲ್ಲ. ಸಾವಕಾಶ ಕೇಳಿದ್ರು, "ಅದರಾಗ ಏನು ಬರದಾಳ, ಹೇಳು. ಒಂದು ಮಾತು ಹೇಳು. ನಾನ ನಿನಗ ಅಗದು ಕೊಡ್ತೇನಿ." ಹಳಹಳಿ ಅಂದ್ರ ಅದು ನೋಡ್ರಿ. ಒಂದು ಮಾತೂ ನನಗ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಒಂದ ಸೂರಿನ್ಯಾಗ ಇದ್ದಾವ ನಾ. ಸಲಿಕಿ ಕೆಳಗ ಬಿತ್ತು. ಮನೀಗೆ ಬಂದ್ನಿ. ಮಾವಿನ ಹಲಗಿ ಹಸೀ ನೆಲದಾಗ ಎಷ್ಟು ದಿನ ತಾಳ್ತೈತಿ ಅಂತ ಬಡಿಗ್ಯಾಗ ಗೊತ್ತಿರ್ತೈತಿ. ಆ ಮಳೆಗಾಲ ಪೂರ್ತಿ ಲೆಕ್ಕ ಹಾಕ್ಕೋತ ಕುಂತ್ನಿ.

ಮಳಿ ಹಿಂದಾದ ಮ್ಯಾಲೆ ರಸೂಲಸಾಬ ಮಾತಾಡ್ಸಾಕ ಬಂದ. ಕಣ್ಣೀರು ಒರಸಿಕೊಂಡು ಅಂದ, "ಬಾಯಿ ಹಾಳಿ ಒಯ್ಯಾಕ ಬಂದಾಗ ಎರಡು ಸರತಿ ನಮ್ಮ ಬೀಬಿಗೆ, ನನಗ ಓದಿ ಹೇಳಿದ್ರು. ನಿಮ್ಮ ಮ್ಯಾಲೂ ಬರದಾರ್ರಿ. 'ನಮ್ಮನಿಯವರು ಮಾತಾಡೂದಿಲ್ಲ. ರಂದಾದ ಸಪ್ಪಳ ಕೇಳಿದ್ರ ಇವತ್ತು ಸಿಟ್ಟೋ ಸಂತೋಷೋ ನನಗ ತಿಳೀತೈತಿ. ಕೂಸಿನ ಸಣ್ಣ ಪೆಟ್ಟಿಗಿ ಮಾಡಿದ ದಿನ ಆ ಸಪ್ಪಳ ಬರಲಿಲ್ಲ, ಹಲಗಿ ಕೈಲೆ ತಿಕ್ಕಿದ್ರು' ಅಂತ." ನಾ ಅವನ ಮ್ಯಾಲೂ ಸಿಟ್ಟಾದ್ನಿ. ನನ್ನ ಹೆಂಡತಿ ನನ್ನ ಮ್ಯಾಲೆ ಬರದದ್ದನ್ನ ನಾ ಅರಬಿ ಅಂಗಡಿಯಾವನ ಬಾಯಿಂದ ಕೇಳಬೇಕೇನು? ಆಮ್ಯಾಲೆ ನೆನಪಾತು. ನನಗ ಮೊದಲ ಕೇಳಿದ್ಲು ಆಕಿ. ಹಾಳಿ ಹಿಡಕೊಂಡು ನಾ ಕೆಲಸ ಮಾಡೋ ಕಟ್ಟಿಗಿ ಮನಿ ಬಾಗಲದಾಗ ನಿಂತು, "ಒಂದೀಟು ಓದ್ತೇನಿ, ಕೇಳ್ತೀರೇನು?" ಅಂದಿದ್ಲು. "ನನಗೇನು ತಿಳೀತೈತಿ, ಹೋಗ" ಅಂದಿದ್ನಿ. ಹೋದ್ಲು.

ಅಯ್ನೋರನ್ನ ಬೈತೇನಿ, ಯುದ್ಧಾನ್ನ ಬೈತೇನಿ. ಆದ್ರ ಆಕಿನ್ನ ಬಾಗಲದಾಗಿಂದ ಕಳಿಸಿದಾವ ನಾನ. ಮನ್ಯಾಗಿನವರು ಏನರ ಓದಿ ಹೇಳ್ತೇನಿ ಅಂದ್ರ ಕೇಳ್ರಿ. ಓದಾಕ ಸಾಲಿ ಬೇಕು, ಕೇಳಾಕ ಕಿವಿ ಸಾಕು. ಏಳ್ರಿ ಈಗ, ಊಟಕ್ಕ ಹೊತ್ತಾತು.