ಹುಲಿಯ ಸೊಂಟದ ಹಗ್ಗ

ಕೋರ್ಟಿನಲ್ಲಿ ಗುಡುಗಿ ಇಲ್ಲಿ ಆಕಳಿಸುತ್ತಿರುವ ಘನ ಅಧ್ಯಕ್ಷರಾದ ವಕೀಲ ಗಡಿಗೆಪ್ಪನವರೇ, ರಾಯಚೂರನ್ನು ಚಳಿಜ್ವರದ ಕೈಗೆ ಒಪ್ಪಿಸಿ ಮಾನ್ವಿಗೆ ವರ್ಗವಾಗಿ ಹೊರಟಿರುವ ಡಾಕ್ಟರ್ ಸತ್ತಾರ್ ಸಾಹೇಬರೇ, ನಮ್ಮ ಹಸಿವನ್ನೂ ಹಾಡನ್ನೂ ಒಂದೇ ಕೆಮ್ಮಿನಲ್ಲಿ ಅಡಗಿಸಬಲ್ಲ ವಾರ್ಡನ್ ಮಾಸ್ತರರೇ, ನಾನು ಬಾಯಿ ತೆರೆಯುವ ಮೊದಲೇ ನಗಲು ಶುರುಮಾಡಿದ ಹಿಂದಿನ ಸಾಲಿನ ಸಭಿಕರೇ,

ದೇವದುರ್ಗದ ಈ ಸೂಗಪ್ಪನಿಗೆ ಡಾಕ್ಟರ ಗುಣಗಾನ ಮಾಡುವ ಭಾಗ್ಯ ಯಾಕೆ ಬಂತು? ನಾನು ಈ ಬೋರ್ಡಿಂಗಿನ ಹುಲಿಯಾಗಿದ್ದೆ, ಅದಕ್ಕೆ.

ಮೊಹರಂನಲ್ಲಿ ಹರಕೆ ಹೊತ್ತವರು ಹುಲಿಯಾಗಿ ಕುಣಿಯುವುದನ್ನು ನೀವೆಲ್ಲ ಕಂಡಿದ್ದೀರಿ. ನಮ್ಮ ಬೋರ್ಡಿಂಗಿನಲ್ಲಿ ಹೊಸದಾಗಿ ಬಂದ ಹುಡುಗನೇ ಹುಲಿ. ಇದ್ದಿಲು, ಇಟ್ಟಂಗಿ ಪುಡಿಯಲ್ಲಿ ಪಟ್ಟೆ ಬರೆದು, ಸೊಂಟಕ್ಕೆ ಹಗ್ಗ ಬಿಗಿದು, ದೊಡ್ಡ ಹುಡುಗನೊಬ್ಬ ಹಿಡಿದು ಆಡಿಸುತ್ತಿದ್ದ. ನನ್ನ ಹಗ್ಗ ವಿರೂಪಣ್ಣನ ಕೈಯಲ್ಲಿತ್ತು. ಮೊದಲ ಸಂಜೆ ನಾನು ಗರ್ಜಿಸಿದ ಗರ್ಜನೆಗೆ ಅಡಿಗೆಯ ಬಸ್ಸಮ್ಮ ಸೌಟು ಬಿಟ್ಟು ಓಡಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮರುದಿನವೂ ಹುಲಿ, ಅದರ ಮರುದಿನವೂ ಹುಲಿ. ನಾನು ಮೆಲ್ಲಗೆ, “ಯಣ್ಣಾ, ಸಾಕು, ಬಿಚ್ಚು” ಅಂದೆ.

“ಹುಲಿ ಮಾತಾಡಂಗಿಲ್ಲಲೇ” ಅಂದ ವಿರೂಪಣ್ಣ.

ಅಲ್ಲಿಂದ ಸಂಜೆಯಾದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ಸಾಲಿಯಲ್ಲಿ ಪಾಠದ ನಡುವೆ ಕಣ್ಣು ಕತ್ತಲೆ ಬಂದು ಬಿದ್ದೆ. ಅಂಗಿ ಎತ್ತಿ ಸೊಂಟದ ಮೇಲೆ ಹಗ್ಗದ ಬಾಸುಂಡೆ ನೋಡಿದ ಡಾಕ್ಟರು ಬೋರ್ಡಿಂಗಿನ ಸಮಿತಿ ಕೂಡಿಸಿದರು.

ಆಹಾ, ಆ ಸಮಿತಿ! ಹಾನಿ ಎಂದರೇನು? ಅಧ್ಯಕ್ಷರು, ಹುಡುಗ ತಾನೇ ನಕ್ಕಿದ್ದಾನೆ, ಒಪ್ಪಿಗೆ ಇದ್ದಂತಾಯಿತು, ಹಾನಿಯಲ್ಲ ಎಂದರು. ವಾರ್ಡನ್ ಮಾಸ್ತರರು, ನಾವೂ ಸಣ್ಣವರಿದ್ದಾಗ ಹುಲಿಯಾದವರೇ, ಒಂದು ವೇಳೆ ಇದು ಹಾನಿಯೇ ಆದರೆ ವಿರೂಪಣ್ಣನ ಟ್ರಂಕನ್ನು ಈಗಲೇ ಬೀದಿಗಿಡುತ್ತೇನೆ ಎಂದರು. ಒಂದೋ ಆಟ, ಇಲ್ಲವೋ ಬೀದಿ. ವಿರೂಪಣ್ಣನ ಊರಲ್ಲಿ ಸಾಲಿಯೇ ಇಲ್ಲ. ಬೋರ್ಡಿಂಗ್ ತಪ್ಪಿದರೆ ಅವನ ಓದು ಅಲ್ಲಿಗೇ ಮುಗಿಯುತ್ತಿತ್ತು. ಅವನು ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳುತ್ತಿದ್ದ.

ಆಗ ಡಾಕ್ಟರು ನನ್ನನ್ನು ಕೇಳಿದರು: “ಬೇಟಾ, ನೀ ಸಾಕು ಅಂದಾಗ ಏನಾಯ್ತು?”

ಸಭಿಕರೇ, ಅಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ನಾನು ಹೇಳಿದೆ. ಡಾಕ್ಟರು ಅಧ್ಯಕ್ಷರ ಕಡೆ ತಿರುಗಿದರು.

“ಹರಕಿ ಹುಲಿ ದಣಿದ್ರ ಕಟ್ಟಿ ಮ್ಯಾಲ ಕುಂತು ಚಾ ಕುಡೀತದರೀ, ವಕೀಲಸಾಬ್. ಈ ಹುಡುಗ ಸಾಕು ಅಂದ ಮ್ಯಾಲೂ ಹಗ್ಗ ಬಿಚ್ಚಲಿಲ್ಲ. ಅಲ್ಲಿಂದ ಅದು ಹಾನಿ. ಮೊದಲ ನಕ್ಕಿದ್ದು ಲೆಕ್ಕಕ್ಕ ಬರಂಗಿಲ್ಲ.”

ಆಮೇಲೆ ವಿರೂಪಣ್ಣನನ್ನು ಒಳಗೆ ಕರೆದು, ಬೈಯುತ್ತಾರೆಂದು ನಾನು ಕಾದರೆ, ನೀ ಹೊಸದಾಗಿ ಬಂದಾಗ ನಿನ್ನ ಹಗ್ಗ ಯಾರು ಹಿಡಿದಿದ್ದರಪ್ಪಾ ಎಂದು ಕೇಳಿದರು. ಅಷ್ಟು ದೊಡ್ಡ ವಿರೂಪಣ್ಣ ಗ್ವಾಡಿ ಕಡೆ ಮುಖ ಮಾಡಿದ.

“ನಾನೂ ಸಾಕು ಅಂದಿದ್ನಿರೀ.”

ಇಂದಿಗೂ ನೆನೆದರೆ ನನ್ನ ಮೈ ನವಿರೇಳುತ್ತದೆ. ನಾಡಿ ಹಿಡಿಯದೆ, ಕಹಿ ಔಷಧ ಕುಡಿಸದೆ, ಬರೀ ಒಂದು ಪ್ರಶ್ನೆಯಿಂದ ಇಬ್ಬರ ನೋವನ್ನೂ ಹೊರತೆಗೆದ ವೈದ್ಯರನ್ನು ನೀವೆಲ್ಲಾದರೂ ಕಂಡಿದ್ದೀರಾ? ಹಾನಿ ಅನ್ನೋ ಹೆಸರು ಕೆಲಸಕ್ಕ ಇಡ್ರಿ, ಹುಡುಗನಿಗೆ ಇಡಬ್ಯಾಡ್ರಿ, ಇಬ್ಬರೂ ನಮ್ಮ ಮಕ್ಕಳೇ ಎಂದು ಅವರು ಸಮಿತಿಗೆ ಹೇಳಿದರು. ವಿರೂಪಣ್ಣ ತನ್ನ ಕೈಯಾರೆ ಹಗ್ಗವನ್ನು ಒಲೆಗೆ ಹಾಕಿದ. ಕೊನೆಗೆ ಡಾಕ್ಟರು ನನ್ನ ಕಡೆ ತಿರುಗಿ, ಅವನು ಇಲ್ಲೇ ಇದ್ದರೆ ನಿನಗೆ ಅಂಜಿಕೆಯೇ, ಖರೇ ಹೇಳು ಎಂದರು.

“ಇರಲಿ ಬಿಡ್ರಿ” ಅಂದೆ. ಅಧ್ಯಕ್ಷರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನನ್ನ ದೊಡ್ಡ ಮನಸ್ಸನ್ನು ಇಡೀ ರಾಯಚೂರು ಕೊಂಡಾಡಿತು.

ಡಾಕ್ಟರ್ ಸಾಹೇಬರೇ, ನೀವು ಹೊರಡುವ ಮುನ್ನ ಒಂದು ಮಾತು. ನಮ್ಮ ಸಾಲಿಯ ಪಾಠವೆಲ್ಲ ಉರ್ದುವಿನಲ್ಲಿ. ನನಗೆ ಮೊದಲಕ್ಷರ ಅಲಿಫ್ ದಾಟಿ ಮುಂದೆ ಹೋಗಲು ಬರುತ್ತಿರಲಿಲ್ಲ. ಬೋರ್ಡಿಂಗಿನಲ್ಲಿ ಅದನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವನು ವಿರೂಪಣ್ಣ ಒಬ್ಬನೇ, ನಾನು ‘ಇರಲಿ ಬಿಡ್ರಿ’ ಅಂದ ದಿನಕ್ಕೆ ಪರೀಕ್ಷೆಗೆ ಒಂದೇ ವಾರ ಉಳಿದಿತ್ತು. ಕೂತು ಕೇಳಿದ ನಿಮಗೆಲ್ಲ ನಾನು ಋಣಿ, ಶರಣು, ನಮಸ್ಕಾರ.