ಇಪ್ಪತ್ತೆರಡು ಸ್ಕಾರ್ಫು

...ಅದಕ್ಕೇ ಹೇಳ್ತಿದೀನಿ ಬುರುಲ್, ನಾಳೆ ಪೊಲೀಸಿನವರು ಬಂದು ಕೇಳಿದಾಗ ಉದ್ದಕ್ಕೆ ಏನೂ ಹೇಳೋದು ಬೇಡ. ‘ಸೆಕೆ ಆಯ್ತು, ಸ್ಕೌಟ್ ಕೋಟು ನಾನೇ ಬಿಚ್ಚಿಟ್ಟೆ, ಕುದುರೆ ನೋಡೋಕೆ ಹೋದೆ, ಬಸ್ಸು ಹೊರಟಿದ್ದು ಗೊತ್ತಾಗಲಿಲ್ಲ.’ ಅಷ್ಟೇ. ನಿಮ್ಮ ಸ್ಕೌಟ್ ದಳ ನಡೆಸೋ ಕುಂದುಜ್ ಅಕ್ಕ ಕೇಳಿಕೊಳ್ತಿರೋದು ಇಷ್ಟೇ.

ಯಾಕೆ ನಗ್ತೀಯ?

ಹ್ಞೂ... ಸರಿ. ಹಿಮ ಬೀಳ್ತಿತ್ತು. ದೋಲೋನ್ ಘಟ್ಟದ ನೆತ್ತಿಯಲ್ಲಿ ಸೆಕೆ ಆಯ್ತು ಅಂದ್ರೆ ಯಾರು ನಂಬ್ತಾರೆ? ಕೋಟು ಒದ್ದೆಯಾಗಿತ್ತು ಅನ್ನು. ಒದ್ದೆ ಕೋಟು ಯಾರಾದ್ರೂ ಬಿಚ್ತಾರೆ.

ಬಾಗಿಲು ನೋಡಬೇಡ. ನಿಮ್ಮಮ್ಮ ಡಾಕ್ಟರ ಹತ್ರ ಹೋಗಿದಾಳೆ, ನಾನೇ ಕಳಿಸಿದೆ. ತಗೋ, ಬೋರ್ಸೋಕ್ ತಂದಿದೀನಿ, ಈಗಷ್ಟೇ ಕರಿದಿದ್ದು. ಬೇಡವಾ? ಇಲ್ಲೇ ಇಟ್ಟಿರ್ತೀನಿ.

ಕಾಲು ನೋಯ್ತಿದೆಯಾ... ಎರಡು ಬೆರಳು ತೆಗೀಬೇಕಾಯ್ತು ಅಂದ್ರು. ಎರಡೇ. ಮುಂದೆ ನಡೀಬಹುದಂತೆ.

ನೋಡು, ನನಗೆ ಕೋಪ ಬಂದದ್ದು ಸುಳ್ಳಲ್ಲ. ಶಿಬಿರಕ್ಕೆ ಹೊರಡೋ ಮುಂಚೆ ಎಷ್ಟು ಸಲ ಹೇಳಿದ್ದೆ? ಎಲ್ಲಿ ಇಳಿದರೂ ಸಮವಸ್ತ್ರದಲ್ಲೇ ಇಳೀಬೇಕು, ಸ್ಕಾರ್ಫ್ ಕತ್ತಲ್ಲೇ ಇರಬೇಕು. ದಾರಿಯವರಿಗೆ ಗೊತ್ತಾಗಬೇಕು, ಇವರು ಯಾರ ಮಕ್ಕಳು ಅಂತ. ಒಬ್ಬರು ತಪ್ಪಿಸಿಕೊಂಡರೆ ಕೈಹಿಡಿದು ತಂದು ಬಿಡಬೇಕು. ನೀನು ಏನು ಮಾಡಿದೆ? ರಸ್ತೆ ಬದಿ ಮೊಸರುಂಡೆ ಮಾರೋ ಹುಡುಗಿ ಕತ್ತಿಗೆ ಸ್ಕಾರ್ಫ್ ಕಟ್ಟಿ ಬಂದೆ. ಕೇಳಿದ್ದಕ್ಕೆ ‘ಅವಳಿಗೆ ಚಳಿ ಆಗ್ತಿತ್ತು ಅಕ್ಕ’ ಅಂತ ಎಲ್ಲರೆದುರು ಅಂದೆ. ಎಲ್ಲರೂ ನಕ್ಕರು. ನನ್ನ ನೋಡಿ ನಕ್ಕರು.

ಅದಕ್ಕೆ...

ಹೌದು. ಬಿಚ್ಚು ಅಂದೆ. ಕೋಟು ನಾನೇ ಎಳೆದುಕೊಂಡೆ. ಹೋಗಿ ಸ್ಕಾರ್ಫ್ ವಾಪಸ್ ತಗೊಂಡು ಬಾ, ಆಮೇಲೆ ಹಾಕ್ಕೋ ಅಂದೆ. ಐದು ನಿಮಿಷದ ಮಾತು ಅದು. ಅಷ್ಟಕ್ಕೇ ಯಾರ ಬೆರಳೂ ಹೋಗಲ್ಲ. ಹೀಗೆ ನೋಡಬೇಡ ನನ್ನ.

ಡ್ರೈವರ್ ಜೋಲ್ದೋಶ್ ಅವಸರ ಮಾಡಿದ. ಹಿಮ ಜಾಸ್ತಿ ಆಗ್ತಿದೆ, ಹಿಂದೆ ಲಾರಿಗಳು ನಿಂತಿವೆ ಅಂದ. ಅವನದೂ ತಪ್ಪು. ನಾನು ಎಣಿಸಿದೆ ಬುರುಲ್. ಯಾವಾಗಲೂ ಹಾಗೇ ಎಣಿಸೋದು, ಸ್ಕಾರ್ಫ್ ಲೆಕ್ಕದಲ್ಲಿ. ಸರಿಯಾಗೇ ಇತ್ತು, ಇಪ್ಪತ್ತೆರಡು...

ಏನು? ಬೆರಳಲ್ಲಿ ಏನು ತೋರಿಸ್ತೀಯ? ಒಂದು?

ಒಂದು ಕಡಿಮೆ. ನಿನ್ನ ಸ್ಕಾರ್ಫ್ ಆ ಹುಡುಗಿ ಹತ್ರ ಇತ್ತು, ನೀನು ಬಸ್ಸಲ್ಲಿದ್ದಿದ್ರೂ ಇಪ್ಪತ್ತೊಂದೇ ಬರಬೇಕಿತ್ತು, ಅಲ್ವಾ. ನಾನು ಎಣಿಸಲಿಲ್ಲ. ಏರ್ಕಿನ್ ಎದ್ದು ನಿಂತು ‘ಬುರುಲ್ ಇಲ್ಲ ಅಕ್ಕ’ ಅಂದ. ಕೂತ್ಕೋ ಅಂತ ಗದರಿದೆ.

ಒಂದು ತಿರುವು ದಾಟಿ ನಿಲ್ಲಿಸೋಣ ಅಂದುಕೊಂಡೆ. ಸ್ವಲ್ಪ ಓಡಲಿ, ಬುದ್ಧಿ ಬರಲಿ ಅಂತ. ದೇವರಾಣೆ, ಅಷ್ಟೇ ಇದ್ದದ್ದು ಮನಸ್ಸಲ್ಲಿ. ತಿರುವು ದಾಟಿದ ಮೇಲೆ ಜೋಲ್ದೋಶ್ ಇಳಿಜಾರಲ್ಲಿ ಬ್ರೇಕ್ ಒತ್ತಲ್ಲ ಅಂದ. ಇನ್ನೊಂದು ತಿರುವು. ಇನ್ನೊಂದು. ಆಮೇಲೆ, ಇಷ್ಟು ದೂರ ಬಂದ ಮೇಲೆ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳ್ತಾರಲ್ಲ... ಕೆಳಗಿನ ಊರಲ್ಲಿ ಠಾಣೆಯವರು ಎಲ್ಲ ಇದಾರಾ ಅಂತ ಕೇಳಿದರು. ಇದಾರೆ ಅಂದೆ.

ಹಿಂದೆ ಬಂದ ಲಾರಿಯವರು ನಿನ್ನ ನೋಡಿರ್ತಾರೆ. ಬರೀ ಸ್ವೆಟರಲ್ಲಿ ಓಡೋ ಹುಡುಗಿ, ಯಾವುದೋ ಕುರಿಯವರ ಮಗಳು ಅಂದುಕೊಂಡಿರ್ತಾರೆ. ಕೋಟು ಇದ್ದಿದ್ರೆ ನಿಲ್ಲಿಸ್ತಿದ್ರು.

ಸಂಜೆಗೆ ಯಾರೋ ಒಬ್ಬ ನಿಲ್ಲಿಸಿದ. ಅವನಿಗೆ ಪುಣ್ಯ ಬರಲಿ.

ಮಾತಾಡು ಬುರುಲ್. ಬೈಯಿ. ಮೂರು ದಿನದಿಂದ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲವಂತೆ. ಡಾಕ್ಟರು ಹೆದರಿಕೆ ಅಂತಾರೆ. ನಾನೂ ಹಾಗೇ ಅಂದುಕೊಂಡೆ. ನಿನಗೆ ಎಷ್ಟು ಗೊತ್ತು ಅಂತ ನೋಡೋಕೇ ಬಂದೆ ಇವತ್ತು. ಬಸ್ಸು ಹೊರಡೋವಾಗ ನೀನು ಎಲ್ಲೋ ದೂರ ಇದ್ದೆ, ಏನೂ ಕಾಣಿಸಿರಲ್ಲ ಅಂತ ನನಗೆ ನಾನೇ ಹೇಳಿಕೊಂಡು ಬಂದೆ.

ಕಣ್ಣು ತಿರುಗಿಸು. ಆ ಕಡೆ ನೋಡು ಮಗಳೇ, ಒಂದು ಗಳಿಗೆ...

ನೀನು ನೋಡಿದೀಯ. ಹಿಂದಿನ ಗಾಜಿಗೆ ಕೈಯಿಟ್ಟು, ನೀನು ಓಡಿ ಬರೋದನ್ನ ನಾನು ನೋಡ್ತಾ ನಿಂತಿದ್ದೆನಲ್ಲ. ನೀನು ನನ್ನ ಮುಖಾನೇ ನೋಡಿಕೊಂಡು ಓಡ್ತಿದ್ದೆ.